ನಮ್ಮೂರ ಹಾಲಿನ ಡೈರಿ: 28 ವರ್ಷ ಹಾಲು ಹಾಕಿದವಳು ಬರೆಯುವ ವಿಮರ್ಶೆ

ಹೋದ ತಿಂಗಳು ನಮ್ಮ ಬೀದಿಯ ಹುಡುಗನೊಬ್ಬ ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ಹಸು ಕಟ್ಟಿದ. "ಅಕ್ಕ, ಹಾಲು ಡೈರಿಗೆ ಹಾಕಲಾ, ವ್ಯಾನಿನವರಿಗೆ ಹಾಕಲಾ? ವ್ಯಾನಿನವರು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಕೊಡ್ತಾರಂತೆ" ಅಂತ ಕೇಳಿದ. ಡೈರಿ ಅಂದರೆ ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘ, ವ್ಯಾನಿನವರು ಅಂದರೆ ಊರಿಗೆ ವ್ಯಾನಿನಲ್ಲಿ ಬಂದು ಹಾಲು ಕೊಳ್ಳುವ ಖಾಸಗಿಯವರು. ಅವತ್ತು ಸಗಣಿ ಬಾಚುತ್ತಾ ನಿಂತಲ್ಲೇ ಅರ್ಧ ಹೇಳಿದ್ದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ.

ನಮ್ಮದು ತುಮಕೂರು ಜಿಲ್ಲೆ, ತೆಂಗು, ರಾಗಿಯ ಸೀಮೆ. ಊರಿನ ಹೆಸರು ಬರೆಯುವುದಿಲ್ಲ. ಡೈರಿಯ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಹೇಳಬೇಕು, ಅಲ್ಲಿ ಕೆಲಸ ಮಾಡುವವರಿಗೆ ಮುಜುಗರ ಆಗಬಾರದು. 1997ರಲ್ಲಿ ಮದುವೆಯಾಗಿ ಈ ಊರಿಗೆ ಬಂದೆ. ಮೂರನೇ ದಿನವೇ ಅತ್ತೆ ಕೈಗೆ ಕ್ಯಾನು ಕೊಟ್ಟು ಡೈರಿ ದಾರಿ ತೋರಿಸಿದರು. ಈಗ ಕೊಟ್ಟಿಗೆಯಲ್ಲಿ ನಾಲ್ಕು ಎಚ್‌ಎಫ್ ಕ್ರಾಸ್ ಹಸು, ಅಂದರೆ ವಿದೇಶಿ ಹೋಲ್‌ಸ್ಟೀನ್ ತಳಿ ಬೆರೆತವು, ಇವೆ. ಮೂರು ಕರೆಯುತ್ತಿವೆ, ಒಂದು ಗಬ್ಬ. ಎರಡು ಹೊತ್ತೂ ಸೇರಿ 30 ಲೀಟರ್ ಆಗುತ್ತದೆ. ಐದು ವರ್ಷ ಸಂಘದ ನಿರ್ದೇಶಕಿಯೂ ಆಗಿದ್ದೆ. ಹಾಗಾಗಿ ಕೌಂಟರಿನ ಎರಡೂ ಕಡೆ ನಿಂತು ನೋಡಿದ್ದೇನೆ.

ಬೆಳಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆಯುತ್ತದೆ. ಏಳೂವರೆ ಒಳಗೆ ಹಾಕಬೇಕು. ಸಂಜೆ ಐದೂವರೆಯಿಂದ ಏಳು. ಇಷ್ಟು ವರ್ಷದಲ್ಲಿ ಹಾಲು ತಗೊಳ್ಳದೆ ಬಾಗಿಲು ಹಾಕಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಯುಗಾದಿ, ಗೌರಿಹಬ್ಬ, ಊರ ಜಾತ್ರೆ, ಚುನಾವಣೆ, ಯಾವುದಕ್ಕೂ ರಜೆ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಟೊಮೆಟೊ ಹೊಲದಲ್ಲೇ ಕೊಳೆಯಿತು, ಹೂವನ್ನು ತಿಪ್ಪೆಗೆ ಸುರಿದರು. ಹಾಲು ಮಾತ್ರ ಹೋಯಿತು. ನೆಲದ ಮೇಲೆ ಸುಣ್ಣದಲ್ಲಿ ಸುತ್ತು ಹಾಕಿದ್ದರು, ಒಬ್ಬೊಬ್ಬರು ಒಂದೊಂದು ಸುತ್ತಿನಲ್ಲಿ ನಿಂತು ಹಾಕಿ ಬಂದೆವು. ಹಸುವಿಗೆ ಲಾಕ್‌ಡೌನ್ ಗೊತ್ತಾಗಲ್ಲ, ಕೆಚ್ಚಲು ತುಂಬಿದರೆ ಕರೆಯಲೇಬೇಕು. ಇದೊಂದು ಸೇವೆಗೆ ಡೈರಿಗೆ ಪೂರ್ತಿ ಅಂಕ ಕೊಡಬೇಕು.

ಈಗ ಹಾಲು ಅಳೆಯುವ ವಿಷಯ. ಸರದಿ ಬಂದಾಗ ನಮ್ಮ ನಂಬರ್ ಹೇಳುತ್ತೇವೆ. ಪರೀಕ್ಷಕ ಸಣ್ಣ ಲೋಟದಲ್ಲಿ ಸ್ಯಾಂಪಲ್ ತೆಗೆದು ಮೆಷಿನ್ನಿನ ಕೊಳವೆಗೆ ಹಿಡಿಯುತ್ತಾನೆ. ಒಂದು ನಿಮಿಷದೊಳಗೆ ಫ್ಯಾಟು, ಎಸ್‌ಎನ್‌ಎಫ್ ಎರಡೂ ಬರುತ್ತವೆ. ಫ್ಯಾಟು ಅಂದರೆ ಬೆಣ್ಣೆಯ ಅಂಶ. ಎಸ್‌ಎನ್‌ಎಫ್ ಅಂದರೆ ನೀರು, ಬೆಣ್ಣೆ ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಪದಾರ್ಥ. ನೀರು ಬೆರೆಸಿದರೆ ಎಸ್‌ಎನ್‌ಎಫ್ 8.5ರಿಂದ ಕೆಳಗೆ ಇಳಿದು ತಕ್ಷಣ ಸಿಕ್ಕಿಬೀಳುತ್ತಾರೆ. ಎರಡನ್ನೂ ನೋಡಿ ದರ ಕಟ್ಟುತ್ತಾರೆ, ಚೀಟಿ ಕೈಗೆ ಬರುತ್ತದೆ. ಗಂಡಸು ತಂದರೂ ಅಷ್ಟೇ, ಹೆಂಗಸು ತಂದರೂ ಅಷ್ಟೇ. ಜಾತಿ ಕೇಳುವ ಹಾಗಿಲ್ಲ. ಎಲ್ಲರ ಹಾಲೂ ಒಂದೇ ಕೂಲರಿಗೆ ಬೀಳುತ್ತದೆ. ಈ ಊರಿನಲ್ಲಿ ಬಾವಿ ಬೇರೆ ಬೇರೆ ಇದ್ದ ಕಾಲವನ್ನು ನೋಡಿದವರು ಇನ್ನೂ ಬದುಕಿದ್ದಾರೆ. ಅವರಿಗೆ ಆ ಕೂಲರಿನ ಬೆಲೆ ಗೊತ್ತು.

ನಮ್ಮ ಮಾವ ಇದೇ ಸಂಘದ ಮೊದಲ ಹಾಲು ಪರೀಕ್ಷಕರು. ಸಂಘ ಶುರುವಾಗಿದ್ದು 1979ರಲ್ಲಿ. ಆಗ ಈ ಮೆಷಿನ್ನು ಎಲ್ಲಿತ್ತು? ಬೆಣ್ಣೆಯ ಅಂಶ ಅಳೆಯುವ ಗಾಜಿನ ಕೊಳವೆ, ಬ್ಯುಟೈರೋಮೀಟರ್‌ಗೆ 10 ಎಂಎಲ್ ಗಂಧಕಾಮ್ಲ, ಅದರ ಮೇಲೆ ನಿಧಾನಕ್ಕೆ 10.75 ಎಂಎಲ್ ಹಾಲು, ಆಮೇಲೆ 1 ಎಂಎಲ್ ಅಮೈಲ್ ಆಲ್ಕೋಹಾಲ್. ಬಿರಡೆ ಹಾಕಿ ಅಲ್ಲಾಡಿಸಿದರೆ ಕೈ ಸುಡುವಷ್ಟು ಬಿಸಿಯಾಗುತ್ತಿತ್ತಂತೆ. ಬಟ್ಟೆ ಸುತ್ತಿ ಹಿಡಿಯಬೇಕು. ಕೈಯಲ್ಲಿ ತಿರುಗಿಸುವ ಯಂತ್ರಕ್ಕೆ ಹಾಕಿ ತಿರುಗಿಸಿ, ಬಿಸಿನೀರಲ್ಲಿ ಇಟ್ಟು, ಮೇಲೆ ಬಂದ ಹಳದಿ ಗೆರೆಯನ್ನು ಕಣ್ಣಿನ ನೇರಕ್ಕೆ ಹಿಡಿದು ಓದಬೇಕು. ಆಸಿಡ್ ಹನಿ ಬಿದ್ದು ತೂತಾದ ಅವರ ಅಂಗಿಯನ್ನು ಅತ್ತೆ ಎಸೆಯದೆ ಇಟ್ಟಿದ್ದರು. ಎಡ ತೋಳಿನ ಮೇಲೆ ಮೂರು ತೂತು. ನಾನು ಆ ಅಂಗಿಯನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಂದು ಊರಿನ ಜನ ಒಬ್ಬರು ಓದಿದ ಗೆರೆಯನ್ನು ನಂಬಬೇಕಾದರೆ ಆ ಮನುಷ್ಯ ಎಷ್ಟು ನೇರವಾಗಿರಬೇಕು ಅಲ್ವಾ.

ಮಾವ ಇನ್ನೊಂದು ಮಾತು ಹೇಳುತ್ತಿದ್ದರು. "ಈ ಡೈರಿ ಎದ್ದಿದ್ದು ಪುಡಿ ಹಾಲಿನ ದುಡ್ಡಲ್ಲಿ ಕಣಮ್ಮ. ಪುಡಿ ಹಾಲೇ ನಮ್ಮನ್ನ ಮುಳುಗಿಸಬೇಕಿತ್ತು, ಅದೇ ತೇಲಿಸಿತು." ನನಗೆ ಬಹಳ ವರ್ಷ ಇದು ಅರ್ಥವಾಗಲಿಲ್ಲ. 2016ರಲ್ಲಿ ನಿರ್ದೇಶಕಿಯರನ್ನೆಲ್ಲಾ ಸೇರಿಸಿ, ಅಮುಲ್ ಡೈರಿ ಇರುವ ಗುಜರಾತಿನ ಆನಂದ್‌ಗೆ ಕರೆದುಕೊಂಡು ಹೋದಾಗ ಅಲ್ಲಿ ವಿವರವಾಗಿ ಕೇಳಿದೆ. ಬಂದ ಮೇಲೆ ಮಗಳ ಕೈಲಿ ಪುಸ್ತಕ ತರಿಸಿ ಓದಿದೆ. ಅವಳು ಅರ್ಥಶಾಸ್ತ್ರದಲ್ಲಿ ಎಂಎ ಮಾಡಿದ್ದಾಳೆ, ಅದೂ ಈ ಹಾಲಿನ ದುಡ್ಡಲ್ಲೇ. ವಿಮರ್ಶೆಯಲ್ಲಿ ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಡೈರಿ ಯಾಕೆ ನಡೆಯುತ್ತಿದೆ ಅಂತ ಗೊತ್ತಿಲ್ಲದಿದ್ದರೆ ಅದು ಎಲ್ಲಿ ಕೈಕೊಡಬಹುದು ಅಂತಲೂ ಗೊತ್ತಾಗುವುದಿಲ್ಲ.

ಕಥೆ ಹೀಗಿದೆ. 1960ರ ದಶಕದಲ್ಲಿ ಯುರೋಪಿನ ಸರ್ಕಾರಗಳು ತಮ್ಮ ರೈತರಿಗೆ ಒಳ್ಳೆಯ ಬೆಲೆ ಕೊಟ್ಟು ಹಾಲು ಕೊಂಡವು. ಕೊಂಡು ಕೊಂಡು ಬೆಣ್ಣೆ, ಪುಡಿ ಬೆಟ್ಟದ ಹಾಗೆ ಬಿತ್ತು. ಇಟ್ಟುಕೊಳ್ಳಲು ಖರ್ಚು, ಎಸೆಯಲು ನಾಚಿಕೆ. ಬಡದೇಶಗಳಿಗೆ ದಾನವಾಗಿ ಕೊಡೋಣ ಅನ್ನುವ ಮಾತು ಬಂತು. ಕೇಳಲು ಚೆನ್ನಾಗಿಯೇ ಇದೆ. ಆದರೆ ನಮ್ಮ ದೇಶದ ದೊಡ್ಡ ನಗರಗಳಲ್ಲಿ ಆಗಲೇ ಒಂದು ಪಾಠ ಆಗಿತ್ತು. ಮುಂಬೈ, ದೆಹಲಿಯ ಸರ್ಕಾರಿ ಹಾಲಿನ ಯೋಜನೆಗಳು ಹೊರಗಿನ ಅಗ್ಗದ ಪುಡಿಯನ್ನು ಕಲಸಿ ಕಡಿಮೆ ಬೆಲೆಗೆ ಹಾಲು ಮಾರುತ್ತಿದ್ದವು. ನಗರದವರಿಗೆ ಖುಷಿ. ಹಳ್ಳಿಯಲ್ಲಿ ಹಸು ಸಾಕಿದವನಿಗೆ ಆ ಬೆಲೆಗೆ ಹಿಂಡಿಯ ದುಡ್ಡೂ ಹುಟ್ಟುವುದಿಲ್ಲ. ಪುಕ್ಕಟೆ ಪುಡಿ ಇನ್ನಷ್ಟು ಬಂದಿದ್ದರೆ ನಮ್ಮಂಥವರು ಹಸು ಕಟ್ಟುವುದನ್ನೇ ಬಿಡುತ್ತಿದ್ದರು.

ಅಮುಲ್ ಬೆಳೆಸಿದ ವರ್ಗೀಸ್ ಕುರಿಯನ್ ಇಲ್ಲಿ ಬುದ್ಧಿ ಓಡಿಸಿದರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಗಳು ಆನಂದ್‌ ಹತ್ತಿರದ ಹಳ್ಳಿಯೊಂದರಲ್ಲಿ ಒಂದು ರಾತ್ರಿ ತಂಗಿ, ಸಹಕಾರ ಸಂಘ ಹೇಗೆ ನಡೆಯುತ್ತದೆ ಅಂತ ರೈತರ ಮನೆಗಳಲ್ಲೇ ಕೇಳಿ ತಿಳಿದಿದ್ದರು. ಮರುವರ್ಷ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಹುಟ್ಟಿತು. 1970ರಲ್ಲಿ ದೇಶದಲ್ಲಿ ಹಾಲು ಹೆಚ್ಚಿಸುವ ಯೋಜನೆ, ಆಪರೇಷನ್ ಫ್ಲಡ್ ಶುರುವಾಯಿತು. ಮೊದಲ ಹಂತಕ್ಕೆ ಯುರೋಪಿಯನ್ ಆರ್ಥಿಕ ಸಮುದಾಯ ಕೊಟ್ಟ ಸರಕು ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಮೂಲಕ ಬಂತು. ಒಪ್ಪಂದ ಆಗಿದ್ದು 1,26,000 ಟನ್ ಕೆನೆ ತೆಗೆದ ಹಾಲಿನ ಪುಡಿಗೆ, 42,000 ಟನ್ ಬಟರ್ ಆಯಿಲ್, ಅಂದರೆ ನೀರು ತೆಗೆದ ಬೆಣ್ಣೆ ಕೊಬ್ಬಿಗೆ. ಕುರಿಯನ್ ಅವರ ಯೋಜನೆಯಲ್ಲಿ ಅದನ್ನು ಹಂಚಲಿಲ್ಲ. ನಗರದ ಡೈರಿಗಳಿಗೆ ಮಾರಿದರು, ನಮ್ಮ ರೈತರ ಹಾಲಿಗೆ ಪೆಟ್ಟು ಬೀಳದ ಬೆಲೆಗೆ. ಬಂದ ದುಡ್ಡನ್ನು ಹಳ್ಳಿ ಸಂಘ, ಶೀತಲ ಕೇಂದ್ರ, ಟ್ಯಾಂಕರ್, ಪಶು ಆಹಾರದ ಕಾರ್ಖಾನೆಗೆ ಹಾಕಿದರು. ಹೊರಗಿನ ಪುಡಿ ಯಾರ್ಯಾರೋ ತರಿಸಿಕೊಳ್ಳದ ಹಾಗೆ ಇಂಡಿಯನ್ ಡೈರಿ ಕಾರ್ಪೊರೇಷನ್ ಅಂತ ಒಂದೇ ಬಾಗಿಲು ಮಾಡಿದರು.

ಅಂದರೆ ದಾನ ಒಂದು ಕಡೆ, ಆಮದಿನ ನಿಯಮ ಇನ್ನೊಂದು ಕಡೆ, ನಗರದ ಹಾಲಿನ ಬೆಲೆ ಮತ್ತೊಂದು ಕಡೆ ಎಳೆಯದ ಹಾಗೆ ಮೂರನ್ನೂ ಒಂದೇ ನೊಗಕ್ಕೆ ಕಟ್ಟಿದರು. "ಇದಕ್ಕೆ ನೀತಿಗಳ ಹೊಂದಾಣಿಕೆ ಅಂತಾರಮ್ಮ" ಅಂದಳು ಮಗಳು. ನಮ್ಮ ಕಡೆ ಇದರ ಉಲ್ಟಾಗೆ ಗಾದೆಯೇ ಇದೆ: ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು.

ಕೋಣ ನೀರಿಗೆಳೆದ ಕಥೆಯೂ ಇದೆ. ಕೆರಿಬಿಯನ್ ದ್ವೀಪ ಜಮೈಕಾದಲ್ಲಿ ಹೊರಗಿನ ಹಾಲಿನ ಪುಡಿಯ ಮೇಲೆ ತೆರಿಗೆ ಹಾಕಿ, ಆ ದುಡ್ಡಲ್ಲಿ ತಮ್ಮ ರೈತರಿಗೆ ಬೆಂಬಲ ಕೊಡುತ್ತಿದ್ದರು. 1992ರಲ್ಲಿ ಸಾಲದ ಷರತ್ತಿನ ಜೊತೆ ಮಾರುಕಟ್ಟೆ ತೆರೆಯಬೇಕಾಗಿ ಬಂತು, ಆ ತೆರಿಗೆ ಹೋಯಿತು. ಯುರೋಪಿನ ಸಬ್ಸಿಡಿ ಪುಡಿ ನುಗ್ಗಿತು. ಅಲ್ಲಿಯ ರೈತರು ಕರೆದ ಹಾಲನ್ನು ಕೊಳ್ಳುವವರಿಲ್ಲದೆ ನೆಲಕ್ಕೆ ಸುರಿದರು. ಪುಡಿ ಹೋಗಿದ್ದು ಅದೇ ಯುರೋಪಿನಿಂದ. ಅಲ್ಲಿ ಅದನ್ನು ಕಟ್ಟಿಹಾಕುವ ಹಗ್ಗ ಇರಲಿಲ್ಲ. ಇದನ್ನು ಓದಿದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಕರೆದ ಹಾಲನ್ನು ನೆಲಕ್ಕೆ ಸುರಿಯುವುದು ಅಂದರೆ ಏನು ಅಂತ ಹಸು ಕಟ್ಟಿದವರಿಗೆ ಹೇಳಬೇಕಾಗಿಲ್ಲ.

ನಮ್ಮ ರಾಜ್ಯಕ್ಕೆ ಬರೋಣ. ಇಲ್ಲಿ ಹಾಲಿನಲ್ಲಿ ಎಷ್ಟು ಹೊರದೇಶಗಳ ಕೈ ಇದೆ ಅಂತ ಎಣಿಸಿದರೆ ಆಶ್ಚರ್ಯವಾಗುತ್ತದೆ. 1965ರ ಬೆಂಗಳೂರು ಡೈರಿಗೆ ಯುನಿಸೆಫ್ ನೆರವು. ಹೆಸರಘಟ್ಟದ ಫ್ರೋಜನ್ ಸೆಮೆನ್ (ಹೆಪ್ಪುಗಟ್ಟಿಸಿದ ಹೋರಿ ವೀರ್ಯ) ಕೇಂದ್ರಕ್ಕೆ ಡೆನ್ಮಾರ್ಕಿನ ನೆರವು. 1974ರಿಂದ ದಕ್ಷಿಣದ ಜಿಲ್ಲೆಗಳಲ್ಲಿ ಹಳ್ಳಿ ಸಂಘ ಕಟ್ಟಲು ವಿಶ್ವಬ್ಯಾಂಕಿನ ಸಾಲ. ಆಗ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಇತ್ತು, 1984ರಲ್ಲಿ ಅದು ಕೆಎಂಎಫ್, ಅಂದರೆ ನಂದಿನಿ ಹಾಲಿನ ರಾಜ್ಯ ಮಹಾಮಂಡಳಿ ಆಯಿತು. ಎರಡನೇ, ಮೂರನೇ ಹಂತದ ಆಪರೇಷನ್ ಫ್ಲಡ್‌ನ ದುಡ್ಡೂ ಬಂತು. ಇವರೆಲ್ಲಾ ತಂತಮ್ಮ ಬೋರ್ಡು ಹಾಕಿಕೊಂಡು ಬೇರೆ ಬೇರೆ ಡೈರಿ ಕಟ್ಟಿದ್ದರೆ ಏನಾಗುತ್ತಿತ್ತು? ಒಂದು ಊರಲ್ಲಿ ಒಳ್ಳೆಯ ತಳಿ ಇದೆ, ಹಾಲು ಕೊಳ್ಳುವವರಿಲ್ಲ. ಇನ್ನೊಂದು ಊರಲ್ಲಿ ಕೂಲರ್ ಇದೆ, ಹಾಲಿಲ್ಲ. ಹಾಗಾಗಲಿಲ್ಲ. ಎಲ್ಲರೂ ಆನಂದ್ ಮಾದರಿ ಅಂತ ಒಂದೇ ನಕ್ಷೆ ಹಿಡಿದು ಬಂದರು. ಹಳ್ಳಿಯಲ್ಲಿ ಸಂಘ, ಜಿಲ್ಲೆಯಲ್ಲಿ ಒಕ್ಕೂಟ, ರಾಜ್ಯಕ್ಕೆ ಮಹಾಮಂಡಳಿ. ನಕ್ಷೆ ನಮ್ಮ ದೇಶದ್ದು, ದುಡ್ಡು ಅವರದ್ದು.

ಇನ್ಸೆಮಿನೇಷನ್ (ಕೃತಕ ಗರ್ಭಧಾರಣೆ) ಮಾಡುವವರು ಬಂದಾಗ ಅವರ ಕ್ಯಾನಿನ ಮುಚ್ಚಳ ತೆಗೆಯುವುದನ್ನು ನೋಡಿದ್ದೀರಾ? ಬಿಳಿ ಹೊಗೆ ನೆಲದ ಮೇಲೆ ಹರಿದು ಬರುತ್ತದೆ. ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅದರೊಳಗಿಂದ ಕಡ್ಡಿಯಷ್ಟು ಸಣ್ಣ ಸ್ಟ್ರಾ ತೆಗೆದು ಉಗುರು ಬೆಚ್ಚಗಿನ ನೀರಲ್ಲಿ ಹಾಕುತ್ತಾರೆ. ನಮ್ಮ ಮನೆಯ ಗೌರಿ ಹಸು ಹುಟ್ಟಿದ್ದು ಹಾಗೆ, ಅವಳ ತಾಯಿಯೂ ಹಾಗೆ. ಅತ್ತೆ ಕಾಲದ ನಾಟಿ ಹಸು ಹೊತ್ತಿಗೆ ಒಂದೂವರೆ ಲೀಟರ್ ಕೊಟ್ಟರೆ ಹೆಚ್ಚು. ಅದನ್ನು ಮಾರುತ್ತಲೂ ಇರಲಿಲ್ಲ. ಹಾಲು ಮಾರುವುದು ಒಳ್ಳೆಯದಲ್ಲ ಅಂತ ಹಿರಿಯರ ನಂಬಿಕೆ. ಬೆಣ್ಣೆ ತೆಗೆದು ಸಂತೆಗೆ, ಮಜ್ಜಿಗೆ ಬೀದಿಗೆಲ್ಲಾ ಪುಕ್ಕಟೆ. ಆ ಮಜ್ಜಿಗೆ ಈಗ ಸಿಗುವುದಿಲ್ಲ, ಅದೊಂದು ನಷ್ಟವೇ.

ದುಡ್ಡಿನ ವಿಷಯಕ್ಕೆ ಬಂದರೆ, ಬಟವಾಡೆ ನನ್ನ ಹೆಸರಿನ ಖಾತೆಗೆ ಬರುತ್ತದೆ. ಗಂಡನ ಹೆಸರಿಗಲ್ಲ. ಇದು ಚಿಕ್ಕ ವಿಷಯ ಅಲ್ಲ. ತೆಂಗಿನ ದುಡ್ಡು, ರಾಗಿಯ ದುಡ್ಡು ಬರುವುದು ವರ್ಷಕ್ಕೊಂದು ಎರಡು ಸಲ, ಅದು ಗಂಡಸರ ಲೆಕ್ಕ. ಹಾಲಿನ ದುಡ್ಡು ಬಟವಾಡೆಗೊಮ್ಮೆ ತಪ್ಪದೆ ಬರುತ್ತದೆ, ಅದು ಮನೆಯ ಲೆಕ್ಕ. ಮಗಳ ಕಾಲೇಜು ಫೀಸು ಕಟ್ಟಲು ಯಾರ ಮುಂದೆಯೂ ಕೈ ಚಾಚಲಿಲ್ಲ. ಇದರ ಮೇಲೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ ಇದೆ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿಸಿದಾಗ ಪೇಟೆಯವರು ಬೇಜಾರಾದರು. ಅವರ ಕಷ್ಟವೂ ನಿಜ. ಆದರೆ ಹಿಂಡಿ, ಬೂಸಾ ಚೀಲದ ಮೇಲೆ ಏರಿದ ಬೆಲೆಯನ್ನು ನಾವು ಯಾರ ಮೇಲೆ ಹಾಕಬೇಕು?

ಈಗ ದೂರು. 2018ರ ಮಳೆಗಾಲದಲ್ಲಿ ನಮ್ಮ ಬೀದಿಯವರ ಫ್ಯಾಟು ಎಲ್ಲರದ್ದೂ ಒಟ್ಟಿಗೆ ಇಳಿಯಿತು. ನನ್ನದು 3.8 ಇದ್ದದ್ದು 3.3ಕ್ಕೆ ಬಂತು. ಹಸಿ ಹುಲ್ಲು ಜಾಸ್ತಿ ತಿಂದಿವೆ ಅಂದರು. ಮೂರು ವಾರ ಕಾದೆ. ಆಮೇಲೆ ಎರಡು ಬಾಟಲಿ ಸ್ಯಾಂಪಲ್ ಐಸಿನಲ್ಲಿಟ್ಟು ಬಸ್ಸಿನಲ್ಲಿ ತಗೊಂಡು ಹೋಗಿ ಬೇರೆ ಕಡೆ ಪರೀಕ್ಷೆ ಮಾಡಿಸಿದೆ. ಎರಡೂ 3.8! ನಮ್ಮ ಮೆಷಿನ್ನಿನ ಕೊಳವೆಯಲ್ಲಿ ಹಾಲುಕಲ್ಲು, ಅಂದರೆ ಒಣಗಿದ ಹಾಲಿನ ಗಟ್ಟಿ ಪದರ ಕಟ್ಟಿತ್ತು, ತಿಂಗಳಿಗೊಮ್ಮೆ ಮಾಡಬೇಕಾದ ಹೊಂದಿಸುವಿಕೆ ಮಾಡಿರಲಿಲ್ಲ. ನಾನು ಆಗ ನಿರ್ದೇಶಕಿ. ನನ್ನ ಮೇಜಿನ ಕೆಳಗೇ ಇದು ನಡೆದಿತ್ತು ಅಂತ ತುಂಬಾ ನೋವಾಯಿತು. ಸಭೆಯಲ್ಲಿ ಜಗಳ ಮಾಡಿದ ಮೇಲೆ ಕಳೆದುಹೋದ ದುಡ್ಡಿನಲ್ಲಿ ಅರ್ಧದಷ್ಟು ಬಂತು. ಉಳಿದರ್ಧ ಇವತ್ತಿಗೂ ಬಂದಿಲ್ಲ. ಆಸಿಡ್ಡಿನಲ್ಲಿ ಕೈ ಸುಟ್ಟುಕೊಂಡು ಮಾವ ಗಳಿಸಿದ ನಂಬಿಕೆಯನ್ನು ಮೂರು ವಾರದ ಅಸಡ್ಡೆ ಹಾಳು ಮಾಡಿತು. ಆಗಲೇ ಐದು ಮನೆಯವರು ವ್ಯಾನಿಗೆ ಹೋದರು.

ವ್ಯಾನಿನವರ ಕಥೆಯನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಹಾಲು ಕಡಿಮೆ ಇದ್ದಾಗ ಎರಡು ರೂಪಾಯಿ ಜಾಸ್ತಿ ಕೊಟ್ಟರು. ಮಳೆ ಬಿದ್ದು ಎಲ್ಲಾ ಕಡೆ ಹಾಲು ಹೆಚ್ಚಾದಾಗ ಒಂದು ಸೋಮವಾರ ವ್ಯಾನೇ ಬರಲಿಲ್ಲ. ಎರಡು ವಾರದ ದುಡ್ಡೂ ಬರಲಿಲ್ಲ. ಆ ಐದು ಮನೆಯವರಲ್ಲಿ ನಾಲ್ವರು ವಾಪಸ್ ಬಂದರು. ಸಂಘ ಅವರನ್ನು ಸೇರಿಸಿಕೊಂಡಿತು.

ಹಾಲು ಹೆಚ್ಚಾದಾಗ ನಮ್ಮ ಡೈರಿ ಯಾಕೆ ಬಾಗಿಲು ಹಾಕುವುದಿಲ್ಲ? ಇಲ್ಲೇ ಮತ್ತೆ ಆ ಹೊಂದಾಣಿಕೆ ಕಾಣುತ್ತದೆ. ಹೆಚ್ಚಾದ ಹಾಲನ್ನು ಪುಡಿ ಮಾಡುತ್ತಾರೆ. ಆ ಪುಡಿಗೆ ಗಿರಾಕಿ ಬೇಕು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಶುರುವಾಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ, ಅಂಗನವಾಡಿ ಮಕ್ಕಳಿಗೆ 18 ಗ್ರಾಂ ಕೆನೆಭರಿತ ಪುಡಿಯಿಂದ 150 ಎಂಎಲ್ ಹಾಲು. ಮೊದಲು ವಾರಕ್ಕೆ ಮೂರು ದಿನ ಇತ್ತು, ಆಮೇಲೆ ಐದು ದಿನ ಆಯಿತು. ಶಾಲೆಗೆ ಊಟ ಕೊಡುವ ಇಲಾಖೆ ಬೇರೆ, ಹಾಲು ಕೊಳ್ಳುವ ಸಹಕಾರಿ ಸಂಸ್ಥೆ ಬೇರೆ. ಇಬ್ಬರೂ ಒಂದು ಕಡೆ ಕೂತು ಮಾತಾಡಿದ್ದರಿಂದ ಮಗುವಿಗೆ ಹಾಲು ಸಿಕ್ಕಿತು, ನನ್ನ ಹಾಲಿಗೆ ಜಾಗ ಸಿಕ್ಕಿತು. ನಮ್ಮೂರ ಶಾಲೆಯಲ್ಲಿ ಅಡುಗೆಯವರು ಪುಡಿ ಗಂಟಾಗದ ಹಾಗೆ ಮೊದಲು ಉಗುರುಬೆಚ್ಚಗಿನ ನೀರಲ್ಲಿ ಕಲಸಿ, ಆಮೇಲೆ ಕುದಿಯುವ ನೀರಿಗೆ ಸುರಿಯುತ್ತಾರೆ. ಮಕ್ಕಳು ತಟ್ಟೆ ಪಕ್ಕ ಲೋಟ ಇಟ್ಟುಕೊಂಡು ಕಾಯುತ್ತವೆ. ಆ ಲೋಟದಲ್ಲಿ ನಮ್ಮ ಗೌರಿಯ ಹಾಲೂ ಇದ್ದೀತು.

ಹೊರದೇಶದ ಪುಡಿಯ ಭಯ ಇಂದಿಗೂ ಪೂರ್ತಿ ಹೋಗಿಲ್ಲ. ಗ್ಯಾಟ್ ಅನ್ನುವ ಜಾಗತಿಕ ವ್ಯಾಪಾರ ಒಪ್ಪಂದದಲ್ಲಿ ನಮ್ಮ ದೇಶ ಕೆನೆ ತೆಗೆದ ಹಾಲಿನ ಪುಡಿಗೆ ಸೊನ್ನೆ ಸುಂಕ ಒಪ್ಪಿಕೊಂಡು ಬಿಟ್ಟಿತ್ತು. ಒಂದು ಕೈಯಲ್ಲಿ ಡೈರಿ ಕಟ್ಟುತ್ತಿದ್ದಾರೆ, ಇನ್ನೊಂದು ಕೈಯಲ್ಲಿ ಬಾಗಿಲು ತೆರೆದಿಟ್ಟಿದ್ದಾರೆ. 2000ದ ಹೊತ್ತಿಗೆ ಮತ್ತೆ ಮಾತುಕತೆ ಮಾಡಿ ಅದನ್ನು ಸರಿಪಡಿಸಿದರು. ವರ್ಷಕ್ಕೆ 10,000 ಟನ್‌ವರೆಗೆ ಶೇ. 15, ಅದರ ಮೇಲೆ ಬಂದರೆ ಶೇ. 60 ಸುಂಕ. ಆಮೇಲೆ 2019ರಲ್ಲಿ ಆರ್‌ಸಿಇಪಿ ಅಂತ ದೊಡ್ಡ ವ್ಯಾಪಾರ ಒಪ್ಪಂದದ ಮಾತು ನಡೆಯಿತು. ಅದರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಇದ್ದವು. ನ್ಯೂಜಿಲೆಂಡ್ ತಾನು ಕರೆದ ಹಾಲಿನಲ್ಲಿ ಬಹುಪಾಲು ಹೊರಗೇ ಮಾರುವ ದೇಶ. ನಮ್ಮ ರಾಜ್ಯದಲ್ಲೂ ಹಾಲು ಉತ್ಪಾದಕರು ಬೀದಿಗಿಳಿದರು. ನಾವೂ ತುಮಕೂರಿಗೆ ಹೋಗಿ ಬಂದೆವು, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು ಅಂತ ಲೆಕ್ಕ ಹಾಕಿಕೊಂಡು. ನವೆಂಬರ್ 4ರಂದು ಭಾರತ ಆ ಒಪ್ಪಂದಕ್ಕೆ ಸೇರುವುದಿಲ್ಲ ಅಂತ ಹೇಳಿತು. ಆವತ್ತು ಡೈರಿ ಮುಂದೆ ಯಾರೋ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿದರು.

ಎಲ್ಲವೂ ಸರಿಯಾಗಿದೆ ಅಂತ ನಾನು ಹೇಳುತ್ತಿಲ್ಲ. 1980ರ ದಶಕದಲ್ಲೇ ಆಪರೇಷನ್ ಫ್ಲಡ್ ಬಗ್ಗೆ ಜೋರು ಟೀಕೆ ಬಂದಿತ್ತು. ಯುರೋಪಿನ ಪುಡಿಗೆ ನಾವು ಒಗ್ಗಿಹೋಗುತ್ತೇವೆ, ಬಡವರ ಮನೆಯ ಹಾಲು ನಗರಕ್ಕೆ ಹರಿಯುತ್ತದೆ ಅಂದರು. ಪರಿಶೀಲನೆಗೆ, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಎಲ್.ಕೆ. ಝಾ ಅವರ ಸಮಿತಿಯೂ ಆಯಿತು. ಮೊದಲನೇ ಭಯ ನಿಜವಾಗಲಿಲ್ಲ. 1970ರ ಹೊತ್ತಿಗೆ ದೇಶದ ಹಾಲು ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಇತ್ತು. 2022-23ರಲ್ಲಿ ಅದು 23 ಕೋಟಿ ಟನ್ ದಾಟಿತು. ಎರಡನೇ ಮಾತು ಮಾತ್ರ ನನ್ನನ್ನು ಈಗಲೂ ಚುಚ್ಚುತ್ತದೆ. ದುಡ್ಡು ಜಾಸ್ತಿ ಬರಲಿ ಅಂತ ಮನೆಗೆ ಅರ್ಧ ಲೀಟರ್ ಮಾತ್ರ ಇಟ್ಟುಕೊಂಡು ಉಳಿದದ್ದೆಲ್ಲಾ ಹಾಕುವ ಮನೆಗಳು ನಮ್ಮ ಬೀದಿಯಲ್ಲೇ ಇವೆ. ಅವರ ಮಕ್ಕಳಿಗೆ ಹಾಲು ಸಿಗುವುದು ಶಾಲೆಯಲ್ಲಿ.

ಇನ್ನು ಈಗಿನ ಎತ್ತು, ಕೋಣಗಳ ವಿಷಯ. ಹಸು ಕೊಳ್ಳಲು ಬ್ಯಾಂಕು ಸಾಲ ಕೊಡುತ್ತದೆ, ಸರ್ಕಾರ ಸಬ್ಸಿಡಿ ಕೊಡುತ್ತದೆ. ಅದೇ ಹೊತ್ತಿಗೆ ಊರ ಗೋಮಾಳ ಕರಗುತ್ತಾ ಬಂತು. ಅತ್ತೆ ಕಾಲದಲ್ಲಿ ದನ ಮೇಯುತ್ತಿದ್ದ ಜಾಗದಲ್ಲಿ ಈಗ ಯಾರದೋ ತೋಟ. ಮೇವೆಲ್ಲಾ ಕೊಂಡೇ ಹಾಕಬೇಕು. ಇನ್ನೊಂದು ಮೆಕ್ಕೆಜೋಳ. ಪೆಟ್ರೋಲಿಗೆ ಎಥನಾಲ್ ಬೆರೆಸಲು ಮೆಕ್ಕೆಜೋಳ ಬಳಸಲು ಶುರುವಾದ ಮೇಲೆ ಅದರ ಬೆಲೆ ಏರಿತು, ಫೀಡು ಚೀಲದ ಬೆಲೆಯೂ ಏರಿತು. ದಾವಣಗೆರೆ ಕಡೆ ನಮ್ಮ ಅಣ್ಣ ಮೆಕ್ಕೆಜೋಳ ಬೆಳೆಯುತ್ತಾನೆ, ಅವನಿಗೆ ಖುಷಿ. ಅವನ ಖುಷಿ ತಪ್ಪು ಅಂತ ನಾನು ಹೇಗೆ ಹೇಳಲಿ? ಅವನಿಗೂ ಬೆಲೆ ಸಿಗಬೇಕು. ಆದರೆ ಎಥನಾಲ್ ನಿರ್ಧಾರ ಮಾಡುವವರು ಹಾಲಿನವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿದರೆ ಒಳ್ಳೆಯದಲ್ವಾ. ಹಿಂದೆ ಪುಡಿ ಹಾಲಿನ ವಿಷಯದಲ್ಲಿ ಹಾಗೆ ಮಾಡಿದ್ದರು ತಾನೆ.

ಮಗಳು ಹೇಳುವ ಪ್ರಕಾರ ದೊಡ್ಡವರೂ ಈ ನೀತಿಗಳ ಹೊಂದಾಣಿಕೆಯನ್ನು ಕಾಗದದಲ್ಲಿ ಒಪ್ಪಿದ್ದಾರೆ. ಐರೋಪ್ಯ ಒಕ್ಕೂಟವನ್ನು ಕಟ್ಟಿದ 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲೇ ಯುರೋಪಿನವರು, ತಮ್ಮ ಬೇರೆ ನೀತಿಗಳನ್ನು ಮಾಡುವಾಗ ಬಡದೇಶಗಳ ಅಭಿವೃದ್ಧಿಯ ಗುರಿಯನ್ನೂ ಗಮನದಲ್ಲಿ ಇಟ್ಟುಕೊಳ್ಳುತ್ತೇವೆ ಅಂತ ಬರೆದುಕೊಂಡರು. ಅದೇ ವರ್ಷವೇ ಜಮೈಕಾದ ಬಾಗಿಲು ತೆರೆದಿದ್ದು. 2005ರ ಪ್ಯಾರಿಸ್ ಘೋಷಣೆಯಲ್ಲಿ, ನೆರವು ತಗೊಳ್ಳುವ ದೇಶ ತನ್ನ ಯೋಜನೆ ತಾನೇ ಹಾಕಿಕೊಳ್ಳಲಿ, ಕೊಡುವವರು ಅದಕ್ಕೆ ಹೊಂದಿಕೊಳ್ಳಲಿ ಅಂದರು. 35 ವರ್ಷ ಮೊದಲೇ ನಮ್ಮವರು ಅದನ್ನು ಹಾಲಿನಲ್ಲಿ ಮಾಡಿ ತೋರಿಸಿದ್ದರು. ನನಗೆ ಇದನ್ನು ಹೇಳುವಾಗ ಹೆಮ್ಮೆ ಆಗುತ್ತದೆ.

ಪಶುವೈದ್ಯರ ಸೇವೆ ಪರವಾಗಿಲ್ಲ ಅನ್ನಬಹುದು. ಕೆಚ್ಚಲು ಬಾವು ಬಂದರೆ ಫೋನ್ ಮಾಡಿದ ದಿನವೇ ಬರುತ್ತಾರೆ. ಭಾನುವಾರ ಮಾತ್ರ ಕಷ್ಟ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಲಸಿಕೆ ನಮ್ಮೂರಿಗೆ ತಲುಪುವಷ್ಟರಲ್ಲಿ ನಮ್ಮ ಒಂದು ಕರು ಹೋಗಿತ್ತು. ಫೀಡು ಸಂಘದಲ್ಲೇ ಸಿಗುತ್ತದೆ, ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ, ಅದು ಅನುಕೂಲ. ಹಸು ವಿಮೆ ಮಾಡಿಸಿ, ಕಿವಿಯ ಓಲೆ ಬಿದ್ದುಹೋಗದ ಹಾಗೆ ನೋಡಿಕೊಳ್ಳಿ. ಓಲೆ ಇಲ್ಲದಿದ್ದರೆ ವಿಮೆ ದುಡ್ಡು ಕೈಗೆ ಬರುವುದು ಕಷ್ಟ.

ಹಾಗಾಗಿ ಆ ಹುಡುಗನಿಗೆ ನನ್ನ ಉತ್ತರ: ಡೈರಿಗೇ ಹಾಕಪ್ಪ. ಷೇರು ತಗೊಂಡು ಸದಸ್ಯನಾಗು, ಸುಮ್ನೆ ಹಾಲು ಹಾಕಿ ಚೀಟಿ ಜೇಬಿಗಿಟ್ಟುಕೊಂಡು ಬರಬೇಡ. ದಿನಾ ಚೀಟಿ ಓದು. ಫ್ಯಾಟು ದಿಢೀರ್ ಇಳಿದರೆ ಅದೇ ದಿನ ಕೇಳು, ನನ್ನ ಹಾಗೆ ಮೂರು ವಾರ ಕಾಯಬೇಡ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಕಳೆದ ಒಂದು ಆ ಮೆಷಿನ್ನಿಗೆ.

ಸೆಪ್ಟೆಂಬರಿನಲ್ಲಿ ವಾರ್ಷಿಕ ಮಹಾಸಭೆ ಇದೆ. ಎರಡು ವಿಷಯ ಬರೆದು ಕೊಟ್ಟಿದ್ದೇನೆ. ಪ್ರತಿ ತಿಂಗಳ ಮೊದಲನೇ ಭಾನುವಾರ ಸದಸ್ಯರ ಎದುರಿಗೇ ಮೆಷಿನ್ನು ತೊಳೆದು ಹೊಂದಿಸಬೇಕು, ಪಕ್ಕದಲ್ಲೇ ಹಳೆಯ ಆಸಿಡ್ ಪರೀಕ್ಷೆ ಮಾಡಿ ಎರಡನ್ನೂ ಬೋರ್ಡಿನ ಮೇಲೆ ಬರೆಯಬೇಕು. ಇನ್ನೊಂದು, ಮುಂದೆ ಯಾವ ದೇಶದ ಜೊತೆ ವ್ಯಾಪಾರ ಒಪ್ಪಂದ ಆದರೂ ಹಾಲಿನ ಪುಡಿಯನ್ನು ಅದರಿಂದ ಹೊರಗಿಡಿ ಅಂತ ನಮ್ಮ ಸಂಸದರಿಗೆ ಸಂಘದ ಪರವಾಗಿ ಪತ್ರ ಹೋಗಬೇಕು. ಕಾರ್ಯದರ್ಶಿ ಎರಡನ್ನೂ ಅಜೆಂಡಾಕ್ಕೆ ಸೇರಿಸಿಕೊಂಡಿದ್ದಾರೆ. ಮಾವನ ಬ್ಯುಟೈರೋಮೀಟರ್ ಅಟ್ಟದ ಮೇಲಿತ್ತು, ಇಳಿಸಿ ತೊಳೆದು ಇಟ್ಟಿದ್ದೇನೆ.